ಯಾರಿಗೂ ಬರೆದುಕೊಡಬೇಡಿ

ಯಾವ ಧರ್ಮ, ಯಾವ ಪಂಗಡ ಎಂದು ಹೇಳುವುದಿಲ್ಲ. ಹೇಳಿದರೆ ಉಳಿದವರೆಲ್ಲ ‘ಸದ್ಯ, ನಮ್ಮದಲ್ಲ’ ಎಂದು ಓದುವುದನ್ನು ಅಲ್ಲಿಗೇ ಬಿಡುತ್ತೀರಿ. ನಾನು ನಂಬಿ ಹೋದವರನ್ನು ಗುರುಗಳು ಎಂದಷ್ಟೇ ಕರೆಯುತ್ತೇನೆ.

ನಾನು ಅಲ್ಲಿಗೆ ಹೋದದ್ದು ಅಣ್ಣ ತೀರಿಕೊಂಡ ಮೇಲೆ. ನಿದ್ದೆ ಇರಲಿಲ್ಲ. ಮನೆಯವರು ಸಮಾಧಾನ ಹೇಳಿ ಹೇಳಿ ಸುಸ್ತಾಗಿದ್ದರು. ಗುರುಗಳು ಮಾತ್ರ ಒಂದು ಗಂಟೆ ಸುಮ್ಮನೆ ಕೂತು ಕೇಳಿದರು. ಮೊದಲ ದಿನವೇ ಕೆಟ್ಟವರಾಗಿ ಕಂಡಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮೂರನೇ ತಿಂಗಳು, “ಎದೆಯೊಳಗೆ ಇರೋದನ್ನೆಲ್ಲ ಬರೆದು ನನಗೊಪ್ಪಿಸು, ಹಗುರಾಗ್ತೀಯ” ಅಂದರು. ಬರೆದೆ. ನಾಲ್ಕು ಹಾಳೆ. ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ, ಸಾಯುವ ಹಿಂದಿನ ರಾತ್ರಿ ಅವನು ಫೋನ್ ಮಾಡಿದಾಗ ಬೇಕೆಂದೇ ಎತ್ತಲಿಲ್ಲ ಎಂಬುದೂ ಅದರಲ್ಲಿತ್ತು. ಹೆಂಡತಿಗೂ ಹೇಳಿರದ ಮಾತು.

ಹಳೆಯ ಗೆಳೆಯರು ಸಾಧನೆಗೆ ಅಡ್ಡಿ ಎಂದರು, ದೂರವಾದೆ. ಡಾಕ್ಟರು ಕೊಟ್ಟ ಮಾತ್ರೆ ನುಂಗುವುದು ನಂಬಿಕೆ ಸಾಲದ ಲಕ್ಷಣ ಎಂದರು, ಬಿಟ್ಟೆ. (ಇದೊಂದನ್ನು ಮಾತ್ರ ಮಾಡಬೇಡಿ. ಮಾತ್ರೆ ನಿಲ್ಲಿಸಿ ಎನ್ನಬೇಕಾದವರು ಅದನ್ನು ಬರೆದುಕೊಟ್ಟ ಡಾಕ್ಟರು.)

ಒಂದು ಸಂಜೆ, ಕಟ್ಟಡಕ್ಕೆಂದು ಕೂಡಿಸಿದ ಹಣದ ಲೆಕ್ಕ ಕೇಳಿದೆ. ಸಂಶಯದಿಂದಲ್ಲ, ಲೆಕ್ಕ ನೋಡುವುದೇ ನನ್ನ ಕಸುಬು. ಗುರುಗಳು ನಕ್ಕರು. ಮುಂದಿನ ವಾರ ಪ್ರವಚನದ ನಡುವೆ, “ಒಡಹುಟ್ಟಿದವನ ಕೊನೇ ಫೋನ್ ಎತ್ತದವರೂ ಇಲ್ಲಿ ಲೆಕ್ಕ ಕೇಳ್ತಾರೆ” ಅಂದರು. ಹೆಸರು ಹೇಳಲಿಲ್ಲ. ಆದರೆ ಮುಂದಿನ ಸಾಲಿನ ಮೂವರು ಹಿಂತಿರುಗಿ ನೇರವಾಗಿ ನನ್ನನ್ನೇ ನೋಡಿದರು. ಆ ಹಾಳೆಗಳು ಅವರ ಕೈಗೂ ಹೋಗಿದ್ದವು.

ಹೇಳಲು ನಾಚಿಕೆಯಾಗುವುದು ಇದರ ಮುಂದಿನದು. ನಾನು ಎದ್ದು ಬರಲಿಲ್ಲ. ಎಲ್ಲ ಮುಗಿದ ಮೇಲೆ ಹೋಗಿ ಅವರ ಕಾಲಿಗೆ ಬಿದ್ದು ಕ್ಷಮೆ ಕೇಳಿದೆ. ಮತ್ತೆ ಹದಿನಾಲ್ಕು ತಿಂಗಳು ಅಲ್ಲೇ ಇದ್ದೆ. ‘ಓದಿದವನು ನೀನು, ಹೇಗೆ ಮೋಸಹೋದೆ?’ ಎಂದು ಈಗ ಕೇಳುತ್ತಾರೆ. ಅಷ್ಟು ಹೊತ್ತಿಗೆ ಅಲ್ಲಿನವರನ್ನು ಬಿಟ್ಟರೆ ನನ್ನನ್ನು ಮಾತಾಡಿಸುವವರೇ ಉಳಿದಿರಲಿಲ್ಲ. ಮೇಲಾಗಿ ಆ ನಾಲ್ಕು ಹಾಳೆ ಅವರ ಹತ್ತಿರವಿತ್ತು.

ಇದು ಹಳೆಯ ವರಸೆ ಎಂದು ಗೊತ್ತಾದದ್ದು ಹೊರಗೆ ಬಂದಮೇಲೆ. ಚೀನಾದಲ್ಲಿ ಮನಸ್ಸು ತಿದ್ದುವ ಶಿಕ್ಷೆಗೆ ಸಿಕ್ಕಿ ಬಂದವರನ್ನು ಮಾತಾಡಿಸಿದ ಮನೋವೈದ್ಯ ರಾಬರ್ಟ್ ಲಿಫ್ಟನ್ 1961ರಲ್ಲೇ ಅದರ ಎಂಟು ಲಕ್ಷಣ ಗುರುತಿಸಿದ್ದರು. ತಪ್ಪೊಪ್ಪಿಗೆಯ ಒತ್ತಾಯ ಅದರಲ್ಲೊಂದು. ಅಮೆರಿಕದಲ್ಲಿ ಆತ್ಮೋನ್ನತಿಯ ಹೆಸರಲ್ಲಿ ನಡೆದ ನೆಕ್ಸಿಯಂ ಗುಂಪಿನೊಳಗೆ ಹೆಂಗಸರಿಂದ ಗುಟ್ಟುಗಳನ್ನು, ಚಿತ್ರಗಳನ್ನು ‘ಅಡಮಾನ’ ಎಂದೇ ಇಸಿದುಕೊಳ್ಳುತ್ತಿದ್ದರು. ಅದರ ಮುಖ್ಯಸ್ಥ ಕೀತ್ ರನೀರಿಗೆ 2020ರಲ್ಲಿ 120 ವರ್ಷ ಜೈಲು ಶಿಕ್ಷೆಯಾಯಿತು. ಕ್ಯಾಥೊಲಿಕ್ ಪಾದ್ರಿಯೊಬ್ಬ ಪಾಪನಿವೇದನೆಯ ಗುಟ್ಟನ್ನು ನೇರವಾಗಿ ಬಯಲು ಮಾಡಿದರೆ ಅವರ ಧರ್ಮನಿಯಮದಂತೆ ಬಹಿಷ್ಕಾರ. ನಮ್ಮ ಗುರುಗಳಿಗೆ ಅಂಥ ಯಾವ ಕಟ್ಟೂ ಇರಲಿಲ್ಲ. ಕೊಡುವ ಮೊದಲು ನಾನೂ ವಿಚಾರಿಸಲಿಲ್ಲ.

ಈಗ ಯಾರ ಬಳಿಯಾದರೂ ಹೋಗುತ್ತಿದ್ದರೆ, ಒಂದು ಸಣ್ಣ ಮಾತಿಗೆ ‘ಆಗಲ್ಲ’ ಎಂದು ನೋಡಿ. ಈ ವಾರ ಬರಲಾಗುವುದಿಲ್ಲ ಎನ್ನಿ, ಸಾಕು. ಒಳ್ಳೆಯವರು ‘ಆಯ್ತಪ್ಪ’ ಎಂದು ಸುಮ್ಮನಾಗುತ್ತಾರೆ. ನಾನು ಹಾಗೆಂದಾಗ ಮೂರು ಜನ ಮನೆ ಬಾಗಿಲಿಗೆ ಬಂದಿದ್ದರು, ಕಾಳಜಿ ಅಂದುಕೊಂಡು ಖುಷಿಪಟ್ಟಿದ್ದೆ! ದುಃಖ ಹೇಳಿಕೊಳ್ಳಿ, ಬೇಡವೆನ್ನುವುದಿಲ್ಲ. ಬರೆದು, ರೆಕಾರ್ಡ್ ಮಾಡಿ ಮಾತ್ರ ಕೊಡಬೇಡಿ.

ಬಿಟ್ಟು ಬಂದಮೇಲೆ ಹಾಳೆಗಳನ್ನು ವಾಪಸ್ ಕೇಳಿದೆ. “ದೇವರಿಗೆ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ?” ಎಂದು ಹೇಳಿಕಳಿಸಿದರು. ಹೋದ ವಾರ ಹೆಂಡತಿಯನ್ನು ಕೂರಿಸಿಕೊಂಡು ಅಣ್ಣನ ಫೋನಿನ ವಿಷಯ ಹೇಳಿದೆ. ಈಗ ಇಲ್ಲೂ ಬರೆದಿದ್ದೇನೆ. ಇನ್ನು ಆ ಹಾಳೆಗಳನ್ನು ಯಾರಿಗೆ ಬೇಕಾದರೂ ಓದಿಸಿಕೊಳ್ಳಲಿ.