ಪದಸಂಗ್ರಹ ಕೊಳ್ಳಬಹುದು, ‘ಆ್ಯಂಟಿರಿಪಬ್ಲಿಕನ್’ ತಿದ್ದಿಕೊಂಡು

ಕಲಬುರಗಿಯ ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡ್ ಆಗಿ ಸಿಗುವ ಇಂಗ್ಲಿಷ್–ಕನ್ನಡ ಪದಸಂಗ್ರಹವೊಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಕೈಯಲ್ಲಿ ಓಡಾಡುತ್ತಿದೆ. ಅಕ್ಷರ ದಪ್ಪ, ಬದಿಯಲ್ಲಿ ಬರೆದುಕೊಳ್ಳಲು ಜಾಗ ಉಂಟು. ಸುತ್ತೋಲೆ, ನಡಾವಳಿ, ಅಧಿಸೂಚನೆಯಂಥ ಕಚೇರಿ ಪದಗಳಿಗೆ ನಂಬಬಹುದು. ಎಡವಿರುವುದು ರಾಜಕೀಯ ಪದಗಳಲ್ಲಿ. ‘ಆ್ಯಂಟಿರಿಪಬ್ಲಿಕನ್’ ಎದುರು ‘ಪ್ರಜಾಪ್ರಭುತ್ವ ವಿರೋಧಿ’ ಎಂದು ಅಚ್ಚಾಗಿದೆ.

ಅನುವಾದದಲ್ಲಿ ಹೀಗೆ ಬರೆದರೆ ಅಂಕ ಹೋಯಿತು. ರಾಷ್ಟ್ರದ ಮುಖ್ಯಸ್ಥನ ಪಟ್ಟ ವಂಶದಿಂದ ಬರದಿದ್ದರೆ ಅದು ಗಣರಾಜ್ಯ, ಅಂದರೆ ರಿಪಬ್ಲಿಕ್. ಬ್ರಿಟನ್ನಿನಲ್ಲಿ ಚುನಾವಣೆ, ಸಂಸತ್ತು ಎಲ್ಲ ಇವೆ, ಗಣರಾಜ್ಯ ಮಾತ್ರ ಅಲ್ಲ. ಅಲ್ಲಿ ಅರಸೊತ್ತಿಗೆಯೇ ಇರಲಿ ಎನ್ನುವವರು ಆ್ಯಂಟಿರಿಪಬ್ಲಿಕನ್. ಮತದಾನಕ್ಕೆ ಅವರ ತಕರಾರಿಲ್ಲ. ‘ರಾಜಪ್ರಭುತ್ವವಾದಿ’ ಎಂದರೆ ಹತ್ತಿರ ಬಂದಂತೆ, ಆದರೆ ಆ ಪದ ಬೇಕಾದದ್ದನ್ನು ಹೇಳುತ್ತದೆ, ‘ಆ್ಯಂಟಿರಿಪಬ್ಲಿಕನ್’ ಬೇಡವಾದದ್ದನ್ನು. ಬ್ರಿಟನ್ನಿನ ರಾಣಿಯನ್ನು ಬಿಟ್ಟು ಗಣರಾಜ್ಯವಾಗೋಣವೇ ಎಂದು ಕೇಳಿದ ಆಸ್ಟ್ರೇಲಿಯಾದ 1999ರ ಜನಮತಗಣನೆಯಲ್ಲಿ ಸುಮಾರು ಶೇ 55 ಮತ ‘ಬೇಡ’ ಎಂದೇ ಬಿತ್ತು. ಹಾಗಂತ ಅವರೆಲ್ಲ ರಾಣಿಯ ಕಡೆಯವರಲ್ಲ: ಅಧ್ಯಕ್ಷರನ್ನು ಸಂಸತ್ತು ಆರಿಸುವುದು ಬೇಡ, ಜನರೇ ಆರಿಸಬೇಕು ಎಂದು ಮುನಿದ ಗಣರಾಜ್ಯವಾದಿಗಳೂ ಅದರಲ್ಲಿದ್ದರು. ಅಂಥವರಿಗೆ ಎರಡೂ ಪದ ಹೊಂದುವುದಿಲ್ಲ.

‘ಆರ್’ ದೊಡ್ಡಕ್ಷರವಾಗಿದ್ದರೆ ಅರ್ಥವೇ ಬೇರೆ. ಅಮೆರಿಕದ ಸುದ್ದಿಯಲ್ಲಿ ಅದು 1854ರಲ್ಲಿ ಹುಟ್ಟಿದ ರಿಪಬ್ಲಿಕನ್ ಪಕ್ಷದ ವಿರೋಧಿ. ಉತ್ತರ ಐರ್ಲೆಂಡಿನ ಸುದ್ದಿಯಲ್ಲಿ, ಐರ್ಲೆಂಡ್ ಒಂದಾಗಬೇಕು ಎನ್ನುವ ರಿಪಬ್ಲಿಕನ್ನರ ವಿರೋಧಿ. ಎರಡೂ ಕಡೆ ‘ರಿಪಬ್ಲಿಕನ್’ ಪದವನ್ನು ಹಾಗೇ ಇಟ್ಟುಕೊಳ್ಳಬೇಕು. ಪುಸ್ತಕದಲ್ಲಿ ಇದರ ಸುಳಿವೇ ಇಲ್ಲ.

ಪುಸ್ತಕ ಕೊಟ್ಟ ಉದಾಹರಣೆಯಂತೂ ನಮ್ಮ ಭಾಗದ್ದೇ: ‘1948ರಲ್ಲಿ ರಜಾಕಾರರು ಗಣರಾಜ್ಯ ವಿರೋಧಿಗಳಾಗಿದ್ದರು’. ಕೇಳಲು ಚೆಂದ, ಲೆಕ್ಕ ತಪ್ಪು. ರಜಾಕಾರರು ಹೈದರಾಬಾದ್ ನಿಜಾಮರ ಪರ ನಿಂತ ಪಡೆ. ಆ ಹೈದರಾಬಾದ್ ಸಂಸ್ಥಾನ ಶರಣಾದದ್ದು 17 ಸೆಪ್ಟೆಂಬರ್ 1948. ಭಾರತ ಗಣರಾಜ್ಯವಾದದ್ದು 26 ಜನವರಿ 1950. ಆಗಿನ ಜಗಳ ಗಣರಾಜ್ಯದ ಬಗ್ಗೆ ಆಗಿರಲಿಲ್ಲ. ಅವರು ಬೇಡವೆಂದದ್ದು ಭಾರತದಲ್ಲಿ ವಿಲೀನವನ್ನು, ಹಾಗಾಗಿ ‘ವಿಲೀನ ವಿರೋಧಿ’ ಸರಿ. (ಗಣರಾಜ್ಯ ಬಂದ ಮೇಲೆ ಅದೇ ನಿಜಾಮರು 1956ರವರೆಗೆ ರಾಜಪ್ರಮುಖರಾಗಿ, ಅಂದರೆ ರಾಜ್ಯಪಾಲರಂಥ ಹುದ್ದೆಯಲ್ಲಿ, ಕೂತಿದ್ದರು ಬಿಡಿ.)

ಪದಕ್ಕೆ ಪದ ಇಟ್ಟರೆ ‘ಗಣರಾಜ್ಯ ವಿರೋಧಿ’ ಸರಿಯೇ. ಆದರೆ ಜನವರಿ 26ರ ಧ್ವಜವಂದನೆಯ ಜೊತೆಗೇ ಆ ಪದ ಕೇಳಿ ಬೆಳೆದ ಕಿವಿಗೆ ಅದು ‘ದೇಶದ್ರೋಹಿ’ ಅಂದಂತೆ ಕೇಳುತ್ತದೆ. ಬ್ರಿಟನ್ನಿನ ವಿಷಯ ಬರೆಯುವಾಗ ಮೊದಲ ಸಲ ‘ಗಣರಾಜ್ಯ ಪದ್ಧತಿ ಬೇಡವೆನ್ನುವವರು’ ಎಂದು ಬಿಡಿಸಿ ಬರೆದು, ಆಮೇಲೆ ಚಿಕ್ಕ ರೂಪ ಬಳಸಿದರೆ ಗೊಂದಲವಿಲ್ಲ. ಬದಿಯ ಖಾಲಿ ಜಾಗದಲ್ಲಿ ಇಷ್ಟು ಬರೆದುಕೊಳ್ಳಲು ಧಾರಾಳವಾಗಿ ಹಿಡಿಸುತ್ತದೆ.