ಜಪಾನಿನ ಹಳೇ ಆಂಪ್ ಕೊಳ್ಳೋ ಮುಂಚೆ ಅದರ ಬೆನ್ನು ನೋಡಿ

ಸೆಕೆಂಡ್ ಹ್ಯಾಂಡ್ ಜಪಾನಿ ಆಂಪ್ಲಿಫೈಯರ್ ಹುಡುಕುತ್ತಾ ಇರುವವರು ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ. ನನ್ನ ಎಡಗಡೆ ಸ್ಪೀಕರಿನ ವೂಫರ್ (ಬೇಸ್ ಸದ್ದು ಕೊಡೋ ಭಾಗ) ಸುಟ್ಟುಹೋಗಿದೆ, ಆಂಪ್ ಮೂಲೆ ಸೇರಿದೆ, ಮಾರಿದವನು ಈಗ ಫೋನೇ ಎತ್ತುತ್ತಿಲ್ಲ.

ಬೆಂಗಳೂರಿನ ಒಬ್ಬ ಮಾರಾಟಗಾರನಿಂದ ತಂದ ಸ್ಯಾನ್ಸುಯಿ ಅದು. ಎಂಬತ್ತರ ದಶಕದ ಮಾಲು, ಎತ್ತೋಕೆ ಇಬ್ಬರು ಬೇಕು, ಮುಂದಿನ ಪ್ಯಾನೆಲ್ ಫಳಫಳ. ಅಂಗಡಿಯಲ್ಲಿ ಜೋರಾಗಿ ಒಂದು ಸಿನಿಮಾ ಹಾಡು ಹಾಕಿ ತೋರಿಸಿದ. ಬೇಸ್ ಎದೆಗೆ ಗುದ್ದುತ್ತಿತ್ತು, ಯಾರಿಗೆ ತಾನೇ ಇಷ್ಟ ಆಗಲ್ಲ? ಮನೆಗೆ ತಂದು ರಾತ್ರಿ ಮಲ್ಲಿಕಾರ್ಜುನ ಮನಸೂರರನ್ನು ಹಾಕಿದರೆ ತಂಬೂರಿಯ ಜೊತೆಗೆ ಇನ್ನೊಂದು ಗುಂಯ್ ಅನ್ನೋ ಸದ್ದು. ಹಾಡು ನಿಲ್ಲಿಸಿದರೂ ಅದು ನಿಲ್ಲಲಿಲ್ಲ. ಕೇಳಿದ್ದಕ್ಕೆ "ಹಳೇ ಆಂಪ್ ಸಾರ್, ಅಷ್ಟು ಇದ್ದೇ ಇರುತ್ತೆ" ಅಂದ. ಆಮೇಲೆ ಒಂದು ಸಂಜೆ ಪಟ್ ಅಂತ ಸದ್ದಾಯಿತು, ಎಡಗಡೆ ವೂಫರಿನ ಕೋನ್ ಪೂರ್ತಿ ಮುಂದಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು, ನಾನು ಪ್ಲಗ್ ಎಳೆಯೋಷ್ಟರಲ್ಲಿ ವಾರ್ನಿಷ್ ಸುಟ್ಟ ವಾಸನೆ ಮನೆಯೆಲ್ಲಾ.

ರಿಪೇರಿಯವರು ಬಿಚ್ಚಿದಾಗ ಕಥೆ ಗೊತ್ತಾಯಿತು. ಹಿಂದೆ ಅಂಟಿಸಿದ್ದ "110 ವೋಲ್ಟ್" ಸ್ಟಿಕ್ಕರನ್ನು ಉಗುರಲ್ಲಿ ಕೆರೆದರೆ ಕೆಳಗೆ 100 ಅಂತ ಅಚ್ಚಾಗಿದೆ. ಜಪಾನಿನ ಮನೆಗಳಿಗೆ ಬರೋದು 100 ವೋಲ್ಟ್, ಅಮೆರಿಕದಲ್ಲಿ 120, ನಮ್ಮಲ್ಲಿ 230. ಅವನು ಜೊತೆಗೆ ಕೊಟ್ಟ ಸ್ಟೆಪ್ ಡೌನ್ ಡಬ್ಬ 230ನ್ನು 110 ಮಾಡುವಂಥದ್ದು. ನಮ್ಮ ಬೀದಿಯಲ್ಲಿ ರಾತ್ರಿ 245ರವರೆಗೂ ಹೋಗುತ್ತೆ, ಆಗ ಡಬ್ಬದಿಂದ ಬರೋದು 117. ಹಾಗಾಗಿ ಆಂಪ್ ಒಳಗೆ 55 ವೋಲ್ಟ್ ಇರಬೇಕಾದ ಕಡೆ 64. ಅಲ್ಲಿ ಕೂರಿಸಿದ್ದ ಫಿಲ್ಟರ್ ಕೆಪಾಸಿಟರ್‌ಗಳು (ಕರೆಂಟಿನ ಏರಿಳಿತ ಸಮ ಮಾಡೋ ಬಿಡಿಭಾಗ) ತಡೆದುಕೊಳ್ಳೋದೇ 63 ವೋಲ್ಟ್! ಎರಡರ ತಲೆ ಉಬ್ಬಿತ್ತು, ಗುಂಯ್ ಬರುತ್ತಿದ್ದದ್ದು ಅಲ್ಲಿಂದಲೇ.

ಅದಾದರೂ ಹೋಗಲಿ. ನನಗೆ ಸಿಟ್ಟು ಬಂದಿದ್ದು ರಿಲೇ ನೋಡಿ. ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಡಿಸಿ ವೋಲ್ಟೇಜ್ (ಬ್ಯಾಟರಿಯಲ್ಲಿರುವಂಥ, ಒಂದೇ ದಿಕ್ಕಿನದು) ನೇರ ಸ್ಪೀಕರಿಗೆ ನುಗ್ಗುತ್ತೆ, ಆಗ ತಾನೇ ಸಂಪರ್ಕ ಕಡಿದು ಅದನ್ನು ತಡೆಯೋ ಸ್ವಿಚ್ಚೇ ರಿಲೇ. ಇಲ್ಲಿ ಅದರ ಕಾಂಟ್ಯಾಕ್ಟುಗಳ ನಡುವೆ ಯಾರೋ ದಪ್ಪ ತಂತಿ ಬೆಸುಗೆ ಹಾಕಿದ್ದರು. ರಿಲೇ ಟಕ್ ಅನ್ನುತ್ತಿತ್ತು, ಕೆಲಸ ಮಾತ್ರ ಮಾಡುತ್ತಿರಲಿಲ್ಲ. ಸತ್ತ ಟ್ರಾನ್ಸಿಸ್ಟರ್ ಮೇಲೆ ಸ್ಯಾಂಕೆನ್ ಅಂತ ಜಪಾನಿ ಕಂಪನಿಯ ಹೆಸರಿತ್ತು, ಒಡೆದರೆ ಒಳಗೆ ಎಳ್ಳಿನಷ್ಟು ಚಿಪ್, ಅಸಲಿಯಲ್ಲಿ ಇದಕ್ಕಿಂತ ತುಂಬಾ ದೊಡ್ಡದಿರುತ್ತೆ. ಶುದ್ಧ ನಕಲಿ. ಫೋನ್ ಎತ್ತೋದು ನಿಲ್ಲಿಸೋ ಮುಂಚೆ ಮಾರಿದವನು ಕೊಟ್ಟ ಉತ್ತರ: "ಹಳೇ ಮಾಲಿಗೆ ಗ್ಯಾರಂಟಿ ಇಲ್ಲ ಸಾರ್." ಬೇಕಾದರೆ ಅರ್ಧ ಬೆಲೆಗೆ ವಾಪಸ್ ತಗೊಳ್ತಾನಂತೆ, ಇನ್ಯಾರಿಗೋ ಮಾರೋಕೆ!

ಆದ್ದರಿಂದ ಅಂಗಡಿಗೆ ಒಂದು ಮಲ್ಟಿಮೀಟರ್ ತಗೊಂಡು ಹೋಗಿ. ನಾಚಿಕೆ ಬೇಡ. ಹಾಡು ಹಾಕದೆ, ವಾಲ್ಯೂಮ್ ಪೂರ್ತಿ ಇಳಿಸಿ, ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಸರಿ, 100 ದಾಟಿದರೆ ನಿಮ್ಮ ಸ್ಪೀಕರ್ ಹಚ್ಚಲೇಬೇಡಿ. ಸ್ವಿಚ್ ಹಾಕಿದ ಮೇಲೆ ಕೆಲವು ಸೆಕೆಂಡ್ ಬಿಟ್ಟು ಟಕ್ ಅಂದಮೇಲೇ ಹಾಡು ಶುರುವಾಗಬೇಕು. ಟಕ್‌ಗಿಂತ ಮೊದಲೇ ಬಂತು ಅಂದರೆ ರಿಲೇ ಜೊತೆ ಯಾರೋ ಆಟ ಆಡಿದ್ದಾರೆ. ಮುಚ್ಚಳ ತೆಗೆಯೋಕೆ ಒಪ್ಪದವನ ಹತ್ತಿರ ವ್ಯಾಪಾರವೇ ಬೇಡ. ಆಂಪ್ ಚೆನ್ನಾಗಿದ್ದು 100 ವೋಲ್ಟಿನದೇ ಆಗಿದ್ದರೆ ರೆಡಿ ಡಬ್ಬ ಕೊಳ್ಳಬೇಡಿ. ಟ್ರಾನ್ಸ್‌ಫಾರ್ಮರ್ ಸುತ್ತುವವರ ಹತ್ತಿರ ಹೋಗಿ, ನಿಮ್ಮ ಮನೆಯಲ್ಲಿ ಎಷ್ಟು ವೋಲ್ಟ್ ಬರುತ್ತೆ ಅಂತ ಅಳೆದು ಹೇಳಿ, 100ಕ್ಕೇ ಸುತ್ತಿಸಿಕೊಳ್ಳಿ.