ಮೈಕಿದ್ದ ಹೈಡನ್, ಮೈಕಿಲ್ಲದ ಹೈಡನ್

ಕಳೆದ ಜನವರಿಯಲ್ಲಿ ಒಂದೇ ಕಛೇರಿಯನ್ನು ಎರಡು ದಿನ ಕೇಳಿದೆ. ಶನಿವಾರ ಹಾಸನದ ಒಂದು ಸಭಾಭವನದಲ್ಲಿ, ಭಾನುವಾರ ಸಕಲೇಶಪುರದಾಚೆಯ ಒಂದು ಕಾಫಿ ತೋಟದ ಬಂಗಲೆಯಲ್ಲಿ. ವಾದಕರು ಅದೇ ನಾಲ್ವರು: ಎರಡು ಪಿಟೀಲು, ಪಿಟೀಲಿಗಿಂತ ಕೊಂಚ ದೊಡ್ಡದಾದ ಒಂದು ವಯೋಲಾ, ಕಾಲುಗಳ ನಡುವೆ ಹಿಡಿದು ನುಡಿಸುವ ಒಂದು ಚೆಲ್ಲೊ. ಕೃತಿಗಳೂ ಅವೇ ಎರಡು: ಹದಿನೆಂಟನೆಯ ಶತಮಾನದ ಆಸ್ಟ್ರಿಯದ ಹೈಡನ್ನನ ‘ಎಂಪರರ್’ ಕ್ವಾರ್ಟೆಟ್, ಇಪ್ಪತ್ತನೆಯ ಶತಮಾನದ ರಷ್ಯದ ಶೋಸ್ತಕೋವಿಚ್ಚನ ಎಂಟನೆಯ ಕ್ವಾರ್ಟೆಟ್. ಕ್ವಾರ್ಟೆಟ್ ಎಂದರೆ ಈ ನಾಲ್ಕು ವಾದ್ಯಗಳಿಗೆಂದೇ ಬರೆದ ಪಾಶ್ಚಾತ್ಯ ಕೃತಿ. ಯಾವುದು ಚೆನ್ನಾಗಿತ್ತು ಎಂದು ಕೇಳಿದವರಿಗೆ ಒಂದೊಂದು ದಿನ ಒಂದೊಂದು ಉತ್ತರ ಕೊಟ್ಟಿದ್ದೇನೆ.

ಮೂರನೆಯ ಆಯ್ಕೆಯೂ ಇತ್ತು, ಅದನ್ನು ಮೊದಲೇ ಮುಗಿಸುತ್ತೇನೆ. ಟಿಕೆಟ್ ಕೈಗೆ ಬಂದ ದಿನದಿಂದ ಮೂರು ವಾರ ಹೆಡ್‌ಫೋನಿನಲ್ಲಿ ಇವೆರಡನ್ನೂ ಕೇಳಿದೆ. ಮೆಟ್ಟು ಬಾಯಿಗೆ ಬಂತು, ಅಷ್ಟರ ಮಟ್ಟಿಗೆ ಲಾಭ. ಆದರೆ ವಿಳಂಬದ ಭಾಗ ಬಂದಾಗಲೆಲ್ಲ ನನ್ನ ಹೆಬ್ಬೆರಳು ತಾನಾಗಿಯೇ ಮುಂದಕ್ಕೆ ಓಡಿಸುತ್ತಿತ್ತು. ಎದುರಿಗೆ ವಾದಕರು ಕುಳಿತಿದ್ದರೆ ಆ ಬೆರಳಿಗೆ ಕೆಲಸವಿರುವುದಿಲ್ಲ.

ನನ್ನ ಜೊತೆ ಇಬ್ಬರು ಬಂದಿದ್ದರು. ಒಬ್ಬರು ಸೋದರಮಾವ. ಅವರದು ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ ಕಡೆ. ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಅವರ ಹುಟ್ಟೂರು ಅದು. ಕಾವೇರಿಯ ದಡದಲ್ಲಿ ತಂಬೂರಿಯ ಆಕಾರದಲ್ಲೇ ಮಂದಿರ ಕಟ್ಟಿಕೊಂಡಿರುವ ಊರು. ಮಾವ ಚಿಕ್ಕಂದಿನಲ್ಲಿ ಪಿಟೀಲು ಕಲಿತು, ನೌಕರಿ ಸಿಕ್ಕಿದ ಮೇಲೆ ಪೆಟ್ಟಿಗೆಯಲ್ಲಿಟ್ಟವರು. ಇನ್ನೊಬ್ಬಳು ನನ್ನ ಅಕ್ಕನ ಮಗಳು, ಹನ್ನೆರಡು ವರ್ಷ, ಪಿಟೀಲಿನಲ್ಲಿ ಈಗಷ್ಟೇ ವರ್ಣಕ್ಕೆ ಬಂದಿದ್ದಾಳೆ.

ಹಾಸನದ ಸಭಾಭವನ ಮುಕ್ಕಾಲು ತುಂಬಿತ್ತು. ನಾಲ್ವರ ಮುಂದೆ ನಾಲ್ಕು ಮೈಕು, ವೇದಿಕೆಯ ಎರಡು ಬದಿಯಲ್ಲಿ ಆಳೆತ್ತರದ ಕರಿ ಪೆಟ್ಟಿಗೆಗಳು. ಮೈಕಿನವರು ಭಕ್ತಿಗೀತೆಗೆ ಇಡುವಷ್ಟೇ ಪ್ರತಿಧ್ವನಿ ಇಟ್ಟಿದ್ದರು. ಚೆಲ್ಲೊ ಊದಿಕೊಂಡು ಕೇಳುತ್ತಿತ್ತು. ವಯೋಲಾ ಇದೆ ಎನ್ನುವುದಕ್ಕೆ ಅದನ್ನು ನುಡಿಸುವಾಕೆಯ ಕಮಾನು ಆಡುತ್ತಿದ್ದುದೊಂದೇ ಸಾಕ್ಷಿ. ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಕ್ವಾರ್ಟೆಟ್ ಎಂದರೆ ಜಗಲಿಯ ಮೇಲೆ ಕುಳಿತ ನಾಲ್ವರ ಮಾತುಕತೆಯಂತೆ. ಯಾರು ಕೇಳಿದರು, ಯಾರು ಉತ್ತರ ಕೊಟ್ಟರು, ಯಾರು ನಡುವೆ ಬಾಯಿ ಹಾಕಿದರು ಎಂಬುದು ಕಿವಿಗೆ ಗೊತ್ತಾಗಬೇಕು. ಎಲ್ಲವೂ ಒಂದೇ ಪೆಟ್ಟಿಗೆಯಿಂದ ಬಂದಾಗ ಅದು ಕಲಸಿದ ಅನ್ನ.

ಹಾಗಿದ್ದರೂ ಆ ಸಂಜೆಯ ಕೇಳುಗರನ್ನು ಮರೆಯುವಂತಿಲ್ಲ. ಹೈಡನ್ನನ ಎರಡನೆಯ ಭಾಗ ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಮಾವ ನನ್ನ ಮೊಣಕೈ ತಿವಿದು, “ಇದು ನಮ್ಮ ನೋಟುಸ್ವರ ಕಣಪ್ಪ” ಎಂದರು. ನಕ್ಕು ಸುಮ್ಮನಾದೆ. ಮನೆಗೆ ಬಂದು ಯೋಚಿಸಿದಾಗ ಅವರ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಲಂಡನ್ನಿನಲ್ಲಿ ಬ್ರಿಟಿಷರ ‘ಗಾಡ್ ಸೇವ್ ದ ಕಿಂಗ್’ ಕೇಳಿ ಬಂದಿದ್ದ ಹೈಡನ್, ತನ್ನ ಚಕ್ರವರ್ತಿಗೂ ಅಂಥದ್ದೊಂದು ಇರಲಿ ಎಂದು 1797ರಲ್ಲಿ ಈ ಮೆಟ್ಟು ಹಾಕಿದ. ಇಂದು ಅದು ಜರ್ಮನಿಯ ರಾಷ್ಟ್ರಗೀತೆಯ ಧಾಟಿ. ಅದೇ ಬ್ರಿಟಿಷ್ ಗೀತೆಯ ಧಾಟಿಗೆ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತ ಸಾಹಿತ್ಯ ಕೂಡಿಸಿ ‘ಸಂತತಂ ಪಾಹಿಮಾಂ’ ಮಾಡಿದರು. ಪಾಶ್ಚಾತ್ಯ ಧಾಟಿಯ ಇಂಥ ರಚನೆಗಳಿಗೇ ನೋಟುಸ್ವರ ಎನ್ನುವುದು. ಒಬ್ಬನೇ ಹಿರಿಯನಿಂದ ಕವಲೊಡೆದ ಎರಡು ಮನೆತನಗಳು. ಶಂಕರಾಭರಣದ ಸ್ವರಗಳಲ್ಲಿ ನೆಟ್ಟಗೆ ನಡೆಯುವ ಮೆಟ್ಟು ಎಂಬ ಒಂದೇ ಗುರುತಿನಿಂದ ಮಾವ ನೆಂಟಸ್ತನ ಹಿಡಿದುಬಿಟ್ಟಿದ್ದರು.

ಆ ಭಾಗದಲ್ಲಿ ಮೆಟ್ಟನ್ನು ಮೊದಲು ಒಂದನೆಯ ಪಿಟೀಲು ನುಡಿಸುತ್ತದೆ. ಆಮೇಲೆ ಸರದಿ ಎರಡನೆಯ ಪಿಟೀಲಿನದು, ನಂತರ ಚೆಲ್ಲೊ, ನಂತರ ವಯೋಲಾ. ಕೊನೆಗೆ ಮತ್ತೆ ಒಂದನೆಯ ಪಿಟೀಲು. ಎರಡನೆಯ ಪಿಟೀಲು ಹಾಡುವಾಗ ಒಂದನೆಯದು ಸುತ್ತ ಕುಸುರಿ ಹೆಣೆಯುತ್ತಿತ್ತು. ಅದನ್ನು ಕೇಳಿ ಮಾವ, “ಪಕ್ಕವಾದ್ಯಕ್ಕೆ ಪಲ್ಲವಿ ಬಿಟ್ಟುಕೊಟ್ಟರು” ಎಂದು ಸಂತೋಷಪಟ್ಟರು. ಚೆಲ್ಲೊ ಮೆಟ್ಟು ಎತ್ತಿಕೊಂಡಾಗ “ಭಲೇ” ಎಂದು ಗಟ್ಟಿಯಾಗಿಯೇ ಹೇಳಿದರು. ಚೆಲ್ಲೊದವರು ತಲೆಯೆತ್ತಿ ನಮ್ಮ ಸಾಲಿನ ಕಡೆ ನೋಡಿ ನಕ್ಕರು. ಭಾಗ ಮುಗಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು.

ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದು ಎಂಬ ನಿಯಮ ನನಗೂ ಗೊತ್ತು. ಆದರೆ ಹೈಡನ್ನನ ಕಾಲದಲ್ಲಿ ಅಂಥ ನಿಯಮವಿರಲಿಲ್ಲ. 1778ರಲ್ಲಿ ಪ್ಯಾರಿಸ್ಸಿನ ಜನ ತನ್ನ ಸಿಂಫನಿಯ ನಡುವೆಯೇ ಚಪ್ಪಾಳೆ ತಟ್ಟಿದರೆಂದು ಮೊಜಾರ್ಟ್ ತಂದೆಗೆ ಹಿಗ್ಗಿ ಕಾಗದ ಬರೆದ. 1826ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ನನ 130ನೆಯ ಕೃತಿಸಂಖ್ಯೆಯ ಕ್ವಾರ್ಟೆಟ್ ಮೊದಲ ಸಲ ನುಡಿಸಿದಾಗ ಕೇಳುಗರು ನಡುವಿನ ಎರಡು ಭಾಗಗಳನ್ನು ಮತ್ತೆ ನುಡಿಸಿ ಎಂದು ಹಟ ಹಿಡಿದು ನುಡಿಸಿಕೊಂಡರು. ಆ ಲೆಕ್ಕದಲ್ಲಿ ಹಾಸನದವರು ಹಳೆಯ ಸಂಪ್ರದಾಯದವರೇ.

ಶೋಸ್ತಕೋವಿಚ್ ಬಂದಾಗ ಸಭೆಗೆ ದಾರಿ ತಪ್ಪಿತು. ಐದು ಭಾಗಗಳನ್ನೂ ತಡೆಯಿಲ್ಲದೆ ನುಡಿಸುವ ಕೃತಿ ಅದು. ತಟ್ಟಲು ಜಾಗವೇ ಸಿಗುವುದಿಲ್ಲ. ರಭಸದ ಎರಡನೆಯ ಭಾಗ ಆ ಪೆಟ್ಟಿಗೆಗಳಿಂದ ತಗಡು ಎಳೆದಂತೆ ಬಂತು. ಹುಡುಗಿ ಕಿವಿ ಮುಚ್ಚಿಕೊಂಡಳು. ಹಿಂದಿನ ಎರಡು ಸಾಲು ಎದ್ದು ಹೋದವು, ಅವರನ್ನು ದೂರಲಾರೆ.

ಮರುದಿನ ಸುಮಾರು 40 ಕಿಲೋಮೀಟರ್ ದೂರದ ಸಕಲೇಶಪುರ ದಾಟಿ ತೋಟಕ್ಕೆ ಹೋದೆವು. ಕೊಯ್ಲಿನ ಕಾಲ, ಕಣದಲ್ಲಿ ಹರಡಿದ ಕಾಫಿಯ ಹುಳಿವಾಸನೆ ಹಜಾರದವರೆಗೂ ಬರುತ್ತಿತ್ತು. ಹಜಾರದಲ್ಲಿ ಮೂವತ್ತು ಕುರ್ಚಿ, ಮೇಲೆ ಮರದ ಮುಚ್ಚಿಗೆ, ಕೆಳಗೆ ಕೆಂಪು ಗಾರೆ ನೆಲ. ಚೆಲ್ಲೊದ ಬುಡದಲ್ಲಿ ಒಂದು ಕಬ್ಬಿಣದ ಮುಳ್ಳು ಇರುತ್ತದೆ, ಅದನ್ನು ನೆಲಕ್ಕೆ ಊರಿ ನುಡಿಸುತ್ತಾರೆ. ಗಾರೆ ನೆಲದ ಮೇಲೆ ಅದು ಜಾರಿತು. ಮನೆಯೊಡತಿ ಒಳಗೆ ಹೋಗಿ ಊಟಕ್ಕೆ ಕೂರುವ ಹಲಸಿನ ಮಣೆ ತಂದರು. ಚೆಲ್ಲೊದವರು ಅದರ ಒಂದು ಬದಿಯನ್ನು ತಮ್ಮ ಕುರ್ಚಿಯ ಕಾಲಿನಡಿಗೆ ಸಿಕ್ಕಿಸಿ, ನಡುವೆ ಮುಳ್ಳು ಊರಿ, ಒಂದು ತಂತಿ ಎಳೆದು ನೋಡಿದರು. ಮಣೆ ಗುಂಯ್‌ಗುಟ್ಟಿತು. ಮಾವ ಮೆಲ್ಲನೆ ಚಪ್ಪಲಿ ಬಿಟ್ಟು ಅಂಗಾಲನ್ನು ನೆಲಕ್ಕೆ ಒತ್ತಿ ಕುಳಿತರು.

ನಿನ್ನೆ ಕಾಣೆಯಾಗಿದ್ದ ವಯೋಲಾ ಇಲ್ಲಿ ಸಿಕ್ಕಿತು. ಹೈಡನ್ನನ ಮೆಟ್ಟು ಆಕೆಯ ಕೈಗೆ ಬಂದಾಗ, ನೆಗಡಿಯಾದ ಹೆಂಗಸು ಸಣ್ಣ ದನಿಯಲ್ಲಿ ಜೋಗುಳ ಹಾಡಿದ ಹಾಗೆ ಕೇಳಿತು. ಇದಕ್ಕಾಗಿಯೇ ಬಂದೆ ಅನ್ನಿಸಿತು. ಶುರು ಮಾಡುವ ಮುನ್ನ ಮೊದಲ ಪಿಟೀಲಿನವರು ಮೂಗಿನಿಂದ ಚುರುಕಾಗಿ ಎಳೆದುಕೊಳ್ಳುವ ಉಸಿರು ಕೇಳುತ್ತಿತ್ತು. ಉಳಿದ ಮೂವರಿಗೆ ಅದೇ ಎಡುಪು, ಶುರು ಮಾಡುವ ಸನ್ನೆ. ಶೋಸ್ತಕೋವಿಚ್ಚನ ರಭಸದಲ್ಲಿ ಆ ಮೊದಲ ಪಿಟೀಲಿನವರ ಕಮಾನಿನ ಎರಡು ಎಳೆ ಕಡಿದು ನರೆಗೂದಲಿನಂತೆ ತೂಗಾಡಿದವು. ಸದ್ದು ನಿನ್ನೆಯ ಕಾಲುಭಾಗವೂ ಇರಲಿಲ್ಲ, ಹೆದರಿಕೆ ಮಾತ್ರ ನಾಲ್ಕು ಪಟ್ಟು. 1960ರ ಜುಲೈಯಲ್ಲಿ ಡ್ರೆಸ್ಡೆನ್ ಬಳಿ ಮೂರೇ ದಿನದಲ್ಲಿ ಬರೆದು, ಫ್ಯಾಸಿಸಂ ಮತ್ತು ಯುದ್ಧಕ್ಕೆ ಬಲಿಯಾದವರಿಗೆ ಅರ್ಪಿಸಿದ ಕೃತಿ ಅದು. ನಾಲ್ಕನೆಯ ಭಾಗದಲ್ಲಿ ಮೂರು ಒರಟು ಹೊಡೆತಗಳು ಮತ್ತೆ ಮತ್ತೆ ಬರುತ್ತವೆ. ರಾತ್ರಿ ಬಾಗಿಲು ತಟ್ಟುವ ಸದ್ದು ಎಂದು ಹಲವರು ಅರ್ಥ ಹೇಳುತ್ತಾರೆ. ಮೇಜಿನಡಿ ಮಲಗಿದ್ದ ಮನೆಯ ನಾಯಿ ಮೊದಲ ಹೊಡೆತಕ್ಕೆ ಕಿವಿ ನಿಮಿರಿಸಿತು. ಎರಡನೆಯ ಸಲಕ್ಕೆ ಎದ್ದು, ಗುರ್ ಎನ್ನುತ್ತ ಮುಂಬಾಗಿಲಿಗೆ ಹೋಗಿ ನಿಂತಿತು. ಎರಡು ದಿನದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ಕೇಳುಗ ಅದೇ.

ಏಕೆಂದರೆ ಉಳಿದವರು ಬೊಂಬೆಗಳಾಗಿದ್ದರು. ಶುರುವಿಗೆ ಮುಂಚೆ ಅತಿಥಿಯೊಬ್ಬರು, ನಡುವೆ ಚಪ್ಪಾಳೆ ಕೂಡದು, ಕೆಮ್ಮು ಬಂದರೆ ಭಾಗ ಮುಗಿಯುವವರೆಗೆ ತಡೆಯಿರಿ ಎಂದು ಪಾಠ ಹೇಳಿದ್ದರು. ಮಾವ ಕೈಗಳನ್ನು ಶಾಲಿನೊಳಗೆ ಬಚ್ಚಿಟ್ಟುಕೊಂಡು ಕಾಲ್ಬೆರಳಿನಲ್ಲಿ ತಾಳ ಹಾಕುತ್ತಿದ್ದರು. ಚೆಲ್ಲೊದ ಸರದಿ ಬಂದಾಗ ಅವರ ಗಂಟಲಲ್ಲಿ ಭಲೇ ಏರಿ ಇಳಿದದ್ದನ್ನು ನಾನು ನೋಡಿದೆ. ಶೋಸ್ತಕೋವಿಚ್ ಕರಗಿ ಮುಗಿದರೂ ಯಾರೂ ಅಲುಗಲಿಲ್ಲ. ಇನ್ನೊಂದು ಭಾಗ ಇದ್ದರೆ ಎಂಬ ಭಯ. ಕೊನೆಗೆ ವಾದಕರೇ ಎದ್ದು ನಿಂತು ಮುಗಿಯಿತೆಂದು ತಿಳಿಸಬೇಕಾಯಿತು.

ನಾದಕ್ಕೆ ತೋಟ, ಕೇಳುಗರಿಗೆ ಹಾಸನ. ಒಂದನ್ನೇ ಆರಿಸು ಎಂದರೆ ತೋಟವನ್ನೇ ಆರಿಸುತ್ತೇನೆ, ಸ್ವಲ್ಪ ಬೇಸರದಿಂದ. ಹಾಸನದ ಆ ಸಭಾಭವನದಲ್ಲೇ ಮೈಕು ಬಂದ್ ಮಾಡಿ, ಫ್ಯಾನು ನಿಲ್ಲಿಸಿ, ಜನರನ್ನು ವೇದಿಕೆಯ ಮೇಲೆಯೇ ಸುತ್ತ ಕೂರಿಸಿದರೆ ಎರಡೂ ಸಿಕ್ಕೀತು. ಸಂಘಟಕರಿಗೆ ಹೇಳಿದ್ದೇನೆ, ಮೈಕಿಲ್ಲದೆ ಕಾರ್ಯಕ್ರಮ ಹೇಗೆ ಎಂದು ಅವರು ಮುಖ ನೋಡಿದರು.

ಮಾವನಿಗೆ ಹೈಡನ್ನನ ಮೇಲೆ ಒಂದು ದೂರು ಇನ್ನೂ ಉಳಿದಿದೆ. ಮೆಟ್ಟನ್ನು ಐದು ಸಲ ತಂದ, ಒಂದು ಸಂಗತಿಯನ್ನೂ ಹಾಕಲಿಲ್ಲ, ಅಂದರೆ ಮೆಟ್ಟನ್ನೇ ಬಗೆಬಗೆಯಾಗಿ ಹೊರಳಿಸಲಿಲ್ಲ, ಸುತ್ತಲಿನದನ್ನು ಮಾತ್ರ ಬದಲಿಸಿದ ಎಂದು. ಶೋಸ್ತಕೋವಿಚ್ ಮಾತ್ರ ಅವರನ್ನು ಹಿಡಿದುಕೊಂಡಿದ್ದಾನೆ. ಅವನು ತನ್ನ ಹೆಸರಿನ ಅಕ್ಷರಗಳನ್ನೇ ನಾಲ್ಕು ಸ್ವರವಾಗಿಸಿ ಕೃತಿಯುದ್ದಕ್ಕೂ ಹೆಣೆದಿದ್ದಾನೆ. ನಮ್ಮ ಲೆಕ್ಕದಲ್ಲಿ ಅದು ರಿ, ಗ, ಸ, ಕೆಳಗಿನ ನಿ, ಕೀರವಾಣಿ ರಾಗದ ನೆರಳು. ಮೊನ್ನೆ ಅವರ ಮನೆಗೆ ಹೋದಾಗ ಪೆಟ್ಟಿಗೆಯಿಂದ ಪಿಟೀಲು ಹೊರಗೆ ಬಂದಿತ್ತು. ನೆಲದ ಮೇಲೆ ಕುಳಿತು, ಅದೇ ನಾಲ್ಕು ಸ್ವರಗಳನ್ನು ಗಮಕ ಸೇರಿಸಿ ಎಳೆಯುತ್ತಿದ್ದರು.

“ತಾತ, ಗಾಂಧಾರ ಅಲುಗಿಸಬೇಡಿ. ಅವರು ಅಲುಗಿಸಲಿಲ್ಲ” ಎಂದಳು ಹುಡುಗಿ.

“ಅವರಿಗೆ ಬರುವುದಿಲ್ಲ, ಪಾಪ” ಎಂದು ಮಾವ ಇನ್ನೂ ಸ್ವಲ್ಪ ಅಲುಗಿಸಿದರು.